ಜರ್ಮನಿಯನ್ನು ಒಂದುಗೂಡಿಸಿದ್ದು ರಾಷ್ಟ್ರೀಯತೆಯೇ, ಯುದ್ಧವೇ?

ಪ್ರಶ್ನೆ: ಇತಿಹಾಸ ಉಪನ್ಯಾಸಕಿ, ಹಾವೇರಿ

ಎಲ್ಲರಿಗೂ ನಮಸ್ಕಾರ. ನಾನು ಪದವಿ ತರಗತಿಗಳಿಗೆ ಆಧುನಿಕ ಯುರೋಪಿನ ಇತಿಹಾಸವನ್ನು ಪಾಠ ಮಾಡುತ್ತೇನೆ. ಕಳೆದ ವಾರ ಜರ್ಮನಿಯ ಏಕೀಕರಣದ ಪಾಠ ನಡೆದಿತ್ತು. ಪ್ರತಿವರ್ಷ ಹೇಳುವಂತೆಯೇ ಈ ಸಲವೂ ಹೇಳಿದೆ: 1864ರಲ್ಲಿ ಡೆನ್ಮಾರ್ಕ್, 1866ರಲ್ಲಿ ಆಸ್ಟ್ರಿಯ, 1870ರಲ್ಲಿ ಫ್ರಾನ್ಸ್, ಹೀಗೆ ಮೂರು ಯುದ್ಧಗಳನ್ನು ಗೆದ್ದು ಪ್ರಷ್ಯ ಎಂಬ ಜರ್ಮನ್ ರಾಜ್ಯದ ಪ್ರಧಾನಿ ಬಿಸ್ಮಾರ್ಕ್ ಜರ್ಮನಿಯನ್ನು ಒಂದುಗೂಡಿಸಿದ, 1871ರ ಜನವರಿ 18ರಂದು ವರ್ಸೇಲ್ಸ್ ಅರಮನೆಯ ಕನ್ನಡಿ ಸಭಾಂಗಣದಲ್ಲಿ ಪ್ರಷ್ಯದ ರಾಜ ಒಂದನೆಯ ವಿಲ್ಹೆಲ್ಮ್‌ನನ್ನು ಜರ್ಮನ್ ಚಕ್ರವರ್ತಿಯೆಂದು ಸಾರಲಾಯಿತು. ಹಲಗೆಯ ಮೇಲೆ ಮೂರು ಇಸವಿಗಳನ್ನು ಒಂದರ ಕೆಳಗೊಂದು ಬರೆದು ಈಚೆ ತಿರುಗುವಷ್ಟರಲ್ಲಿ ಹಿಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತಿದ್ದಳು. "ಮೇಡಂ, 1866ರಲ್ಲಿ ಬವೇರಿಯ, ಸ್ಯಾಕ್ಸನಿ, ಹ್ಯಾನೋವರ್ ಅನ್ನೋ ಜರ್ಮನ್ ರಾಜ್ಯಗಳೆಲ್ಲಾ ಆಸ್ಟ್ರಿಯದ ಕಡೆ ಇದ್ದವು ಅಂತ ನೀವೇ ಹೇಳಿದ್ರಿ. ಅವರೆಲ್ಲ ಮೊದಲೇ ಒಂದು ರಾಷ್ಟ್ರ ಆಗಿದ್ರೆ ತಮ್ಮತಮ್ಮಲ್ಲೇ ಯಾಕೆ ಹೊಡೆದಾಡಿದ್ರು? ಆಗಿರಲಿಲ್ಲ ಅಂದ್ರೆ, ಹೊಡೆದಾಡಿ ಐದು ವರ್ಷಕ್ಕೆ ಹೇಗೆ ಒಂದಾದ್ರು?" ಎಂದು ಕೇಳಿದಳು.

ಆ ಹೊತ್ತಿಗೆ ಏನೋ ಒಂದು ಉತ್ತರ ಕೊಟ್ಟೆ. ಆದರೆ ಮನೆಗೆ ಬಂದ ಮೇಲೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನಾವು ಓದಿದ ಪುಸ್ತಕಗಳಲ್ಲಿ ಎರಡು ಬಗೆಯ ವಿವರಣೆಗಳಿವೆ. ಒಂದು ಭಾಷೆ, ಒಂದು ಸಂಸ್ಕೃತಿ ಇದ್ದ ಜನರಲ್ಲಿ ರಾಷ್ಟ್ರೀಯ ಭಾವನೆ ಬೆಳೆಯುತ್ತ ಬಂದಿತ್ತು, ಯುದ್ಧ ಅದಕ್ಕೊಂದು ನೆಪವಾಯಿತಷ್ಟೇ ಎನ್ನುವುದು ಮೊದಲನೆಯದು. ಯುದ್ಧಕ್ಕೆ ಹಣ ಬೇಕು, ಹಣಕ್ಕೆ ತೆರಿಗೆ ಬೇಕು, ತೆರಿಗೆಗೆ ಲೆಕ್ಕಪತ್ರ ಇಡುವ ಅಧಿಕಾರಿ ವರ್ಗ ಬೇಕು, ಹೀಗೆ ಯುದ್ಧವೇ ಆಧುನಿಕ ಪ್ರಭುತ್ವವನ್ನು ಹೆತ್ತಿತು ಎನ್ನುವುದು ಎರಡನೆಯದು. ಸಮಾಜಶಾಸ್ತ್ರಜ್ಞ ಚಾರ್ಲ್ಸ್ ಟಿಲ್ಲಿ ಅವರ ಹೆಸರಿನೊಂದಿಗೆ ಈ ವಾದ ಹೆಚ್ಚು ಪ್ರಚಲಿತವಾಗಿದೆ. ಮೊದಲನೆಯದನ್ನು ಒಪ್ಪಿದರೆ 1866 ಅರ್ಥವಾಗುವುದಿಲ್ಲ. ಎರಡನೆಯದನ್ನು ಒಪ್ಪಿದರೆ ಪ್ರಭುತ್ವ ಹುಟ್ಟಿದ ಬಗೆ ತಿಳಿಯುತ್ತದೆ, ಆದರೆ ಜನ ಅದನ್ನು "ನಮ್ಮದು" ಎಂದು ಅಪ್ಪಿಕೊಂಡದ್ದು ಹೇಗೆಂಬುದು ತಿಳಿಯುವುದಿಲ್ಲ.

ಕನ್ನಡದ ಮಾತುಗಳೂ ಇಲ್ಲಿ ತೊಡಕು ತರುತ್ತವೆ. ರಾಜ್ಯ ಎಂದರೆ ವಿದ್ಯಾರ್ಥಿಗಳ ಮನಸ್ಸಿಗೆ ಕರ್ನಾಟಕ ಬರುತ್ತದೆ. ದೇಶ, ರಾಷ್ಟ್ರ ಎರಡನ್ನೂ ಅವರು ಒಂದೇ ಅರ್ಥದಲ್ಲಿ ಬಳಸುತ್ತಾರೆ. ಆದ್ದರಿಂದ ಆಡಳಿತ, ಸೇನೆ, ತೆರಿಗೆಗಳ ವ್ಯವಸ್ಥೆಗೆ "ಪ್ರಭುತ್ವ" ಎಂದೂ, ತಾವೆಲ್ಲ ಒಂದೇ ಎಂದು ತಿಳಿಯುವ ಜನಸಮುದಾಯಕ್ಕೆ "ರಾಷ್ಟ್ರ" ಎಂದೂ ಇಟ್ಟುಕೊಂಡು ಬರೆದಿದ್ದೇನೆ. ಬಲ್ಲವರು ವಿವರವಾಗಿ ತಿಳಿಸಿದರೆ ಮುಂದಿನ ವಾರ ಆ ಹುಡುಗಿಗೆ ಸರಿಯಾದ ಉತ್ತರ ಕೊಡಬಲ್ಲೆ.

ಉತ್ತರ 1: ನಿವೃತ್ತ ಪ್ರಾಧ್ಯಾಪಕ, ಶಿವಮೊಗ್ಗ

ಮೇಡಂ, ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಯನ್ನು ಮೂವತ್ತು ವರ್ಷ ಇದೇ ಪಾಠ ಮಾಡಿದ ನನಗೆ ಯಾರೂ ಕೇಳಿರಲಿಲ್ಲ. ಆಕೆಗೆ ನನ್ನ ಮೆಚ್ಚುಗೆ ತಿಳಿಸಿ.

ಉತ್ತರವನ್ನು 1864ರಿಂದ ಆರಂಭಿಸಿದರೆ ದಾರಿ ತಪ್ಪುತ್ತೇವೆ. 1806ಕ್ಕೆ ಹೋಗಬೇಕು. ಆ ವರ್ಷ ಅಕ್ಟೋಬರ್ 14ರಂದು ಯೆನಾ ಮತ್ತು ಔಯರ್‌ಸ್ಟೆಟ್ ಎಂಬಲ್ಲಿ ನೆಪೋಲಿಯನ್ನನ ಸೇನೆ ಪ್ರಷ್ಯದ ಸೇನೆಯನ್ನು ಒಂದೇ ದಿನದಲ್ಲಿ ನುಚ್ಚುನೂರು ಮಾಡಿತು. ಸುದ್ದಿ ಬರ್ಲಿನ್ನಿಗೆ ಬಂದಾಗ ನಗರದ ಗವರ್ನರ್ ಊರಿನ ಗೋಡೆಗಳಿಗೆ ಒಂದು ಪ್ರಕಟಣೆ ಅಂಟಿಸಿದ. ರಾಜರು ಒಂದು ಕಾಳಗದಲ್ಲಿ ಸೋತಿದ್ದಾರೆ, ಈಗ ಪ್ರಜೆಗಳ ಮೊದಲ ಕರ್ತವ್ಯ ಶಾಂತವಾಗಿರುವುದು ಎಂಬುದು ಅದರ ಸಾರಾಂಶ. ಈ ಪ್ರಕಟಣೆಯನ್ನು ತರಗತಿಯಲ್ಲಿ ಓದಿ ಹೇಳಿ. ಸೋತದ್ದು ರಾಜ, ಯುದ್ಧವೂ ರಾಜನ ವ್ಯವಹಾರ, ಜನ ಬಾಗಿಲು ಹಾಕಿಕೊಂಡು ಮನೆಯಲ್ಲಿದ್ದರೆ ಸಾಕು. ಆಗಿನ ಪ್ರಷ್ಯದಲ್ಲಿ ಬಲವಾದ ಪ್ರಭುತ್ವವಿತ್ತು, ಯುರೋಪಿಗೇ ಹೆಸರಾದ ಸೈನ್ಯವಿತ್ತು. ಜನ ಮಾತ್ರ ಆ ಯುದ್ಧಕ್ಕೆ ಹೊರಗಿನವರಾಗಿದ್ದರು.

ಎದುರಿಗಿದ್ದ ಫ್ರಾನ್ಸಿನ ಪರಿಸ್ಥಿತಿ ಬೇರೆಯಾಗಿತ್ತು. ಅಲ್ಲಿ 1793ರ ಆಗಸ್ಟ್ 23ರ ಆಜ್ಞೆಯ ಮೂಲಕ ಇಡೀ ಜನತೆಯನ್ನೇ ಯುದ್ಧಕ್ಕೆ ಕರೆಯಲಾಗಿತ್ತು: ಯುವಕರು ರಣರಂಗಕ್ಕೆ, ವಿವಾಹಿತರು ಆಯುಧ ತಯಾರಿಕೆಗೆ, ಹೆಂಗಸರು ಡೇರೆ, ಬಟ್ಟೆ ಹೊಲಿಯುವುದಕ್ಕೆ, ಮಕ್ಕಳು ಹಳೆಯ ಬಟ್ಟೆಯಿಂದ ಗಾಯಕ್ಕೆ ಕಟ್ಟುವ ಪಟ್ಟಿ ಮಾಡುವುದಕ್ಕೆ. ಎಲ್ಲರೂ ಖುಷಿಯಿಂದ ಹೋದರೆಂದು ಭಾವಿಸಬೇಡಿ. ಅದೇ ವರ್ಷದ ಆರಂಭದಲ್ಲಿ ಮೂರು ಲಕ್ಷ ಜನರನ್ನು ಸೈನ್ಯಕ್ಕೆ ಸೇರಿಸಿಕೊಳ್ಳಲು ಹೊರಟಾಗ ಪಶ್ಚಿಮದ ವಾಂದೆ ಪ್ರಾಂತ್ಯದ ರೈತರು ದಂಗೆಯೆದ್ದರು, ಅಂತರ್ಯುದ್ಧವೇ ನಡೆಯಿತು. ಒಂದೇ ಕರೆ ಕೆಲವರನ್ನು ರಾಷ್ಟ್ರದ ಒಳಗೆ ತಂದಿತು, ಕೆಲವರನ್ನು ರಾಷ್ಟ್ರದ್ರೋಹಿಗಳೆಂದು ಹೊರಗೆ ನಿಲ್ಲಿಸಿತು.

ಸೋತ ಪ್ರಷ್ಯ ಗೆದ್ದವರಿಂದ ಕಲಿಯಿತು. 1807ರ ಅಕ್ಟೋಬರ್ ಆಜ್ಞೆ ರೈತರನ್ನು ಒಡೆಯನ ಭೂಮಿಗೆ ಕಟ್ಟಿಹಾಕಿದ್ದ ಜೀತವನ್ನು ಕೊನೆಗಾಣಿಸಿತು. 1808ರಲ್ಲಿ ಪಟ್ಟಣಗಳಿಗೆ ಸ್ವಂತ ಆಡಳಿತ ಬಂತು. ಶಾರ್ನ್‌ಹೋರ್ಸ್ಟ್, ಗ್ನೈಸೆನೌ ಎಂಬ ಸೇನಾಧಿಕಾರಿಗಳು ಸೈನಿಕರಿಗೆ ಛಡಿಯೇಟು ಕೊಡುವ ಪದ್ಧತಿಯನ್ನು ನಿಲ್ಲಿಸಿದರು. ಹೊಡೆತ ತಿಂದು ಹೆದರಿ ನಿಂತವನು ದೇಶಕ್ಕಾಗಿ ಹೋರಾಡಲಾರ ಎಂಬ ಅರಿವು ಅವರಿಗೆ ಬಂದಿತ್ತು. ಕೊನೆಗೆ 1813ರ ಮಾರ್ಚ್ 17ರಂದು ಅದೇ ರಾಜ, ಮೂರನೆಯ ಫ್ರೆಡರಿಕ್ ವಿಲ್ಹೆಲ್ಮ್, "ನನ್ನ ಜನರಿಗೆ" ಎಂಬ ಮನವಿಯನ್ನು ಹೊರಡಿಸಿ ಯುದ್ಧ ಯಾಕೆಂದು ಪ್ರಜೆಗಳಿಗೆ ವಿವರಿಸಿದ. 1806ರ ಪ್ರಕಟಣೆ ಸುಮ್ಮನಿರಿ ಎಂದಿತ್ತು, ಇದು ಎದ್ದು ಬನ್ನಿ ಎಂದಿತು. ನಡುವೆ ಆರೂವರೆ ವರ್ಷವಷ್ಟೇ ಕಳೆದಿತ್ತು.

ಆ ವರ್ಷ ಹೆಂಗಸರು ತಮ್ಮ ಚಿನ್ನದ ಒಡವೆಗಳನ್ನು, ಮದುವೆಯ ಉಂಗುರಗಳನ್ನು ಕೂಡ, ಯುದ್ಧದ ನಿಧಿಗೆ ಕೊಟ್ಟು ಬದಲಿಗೆ ಕಬ್ಬಿಣದ ಉಂಗುರ ಪಡೆದರು. "ಕಬ್ಬಿಣಕ್ಕಾಗಿ ಚಿನ್ನ ಕೊಟ್ಟೆ" ಎಂಬ ಅರ್ಥದ ಮಾತು ಅದರ ಮೇಲೆ ಕೆತ್ತಿರುತ್ತಿತ್ತು. ಇದನ್ನು ಓದಿದಾಗಲೆಲ್ಲ ನನಗೆ ನಮ್ಮಮ್ಮನ ನೆನಪಾಗುತ್ತದೆ. 1962ರಲ್ಲಿ ರಾಷ್ಟ್ರೀಯ ರಕ್ಷಣಾ ನಿಧಿಗೆಂದು ಊರಿನ ಶಾಲೆಯ ಅಂಗಳದಲ್ಲಿ ಮೇಜು ಹಾಕಿಕೊಂಡು ಕೂತಿದ್ದವರ ಮುಂದೆ ಆಕೆ ಕೈಗೆ ಸೋಪಿನ ನೊರೆ ಹಚ್ಚಿಕೊಂಡು ಒಂದು ಬಳೆ ತೆಗೆದುಕೊಟ್ಟರು. ಎರಡನೆಯದು ಎಷ್ಟು ಎಳೆದರೂ ಬರಲಿಲ್ಲ. ಚೀನಾ ಎಲ್ಲಿದೆ ಎಂದು ಆಕೆಗೆ ಗೊತ್ತಿರಲಿಲ್ಲ. ಆದರೆ ಆ ಸಂಜೆಯಿಂದ ರೇಡಿಯೋ ವಾರ್ತೆಯ ಹೊತ್ತಿಗೆ ಪಕ್ಕದ ಮನೆಯ ಜಗಲಿಗೆ ಹೋಗಿ ಕೂರತೊಡಗಿದರು. ಕೊಟ್ಟವರಿಗೆ, ಕೊಟ್ಟ ಕಾರಣಕ್ಕೇ, ತಮ್ಮದೆನ್ನುವ ಭಾವ ಬೆಳೆಯುತ್ತದೆಂದು ನಾನು ನಂಬುವುದು ಪುಸ್ತಕಗಳಿಂದಷ್ಟೇ ಅಲ್ಲ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. 1815ರಲ್ಲಿ ನೆಪೋಲಿಯನ್ ಸೋತ ಮೇಲೆ ಜರ್ಮನರಿಗೆ ಸಿಕ್ಕಿದ್ದು 39 ಸದಸ್ಯರ ಸಡಿಲವಾದ ಒಕ್ಕೂಟ. ಸಂವಿಧಾನ ಕೊಡುತ್ತೇನೆಂದು ಮಾತು ಕೊಟ್ಟಿದ್ದ ಪ್ರಷ್ಯದ ರಾಜ ಕೊಡಲಿಲ್ಲ. ಮುಂದಿನ ಐವತ್ತು ವರ್ಷ ಜರ್ಮನಿಯಲ್ಲಿ ರಾಷ್ಟ್ರೀಯತೆ ಎಂದರೆ ಉದಾರವಾದಿಗಳ ಬೇಡಿಕೆ. ಒಂದು ದೇಶ ಬೇಕು ಎನ್ನುವುದೂ ಸಂಸತ್ತು ಬೇಕು ಎನ್ನುವುದೂ ಅವರಿಗೆ ಒಂದೇ ಮಾತಾಗಿತ್ತು. 1848ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಸೇರಿದ ರಾಷ್ಟ್ರೀಯ ಸಭೆ ಸಂವಿಧಾನವನ್ನೂ ಬರೆಯಿತು. ಆದರೆ ಆ ಸಭೆಗೆ ತನ್ನದೆಂಬ ಸೈನ್ಯವಿರಲಿಲ್ಲ, ತೆರಿಗೆ ವಸೂಲಿಯ ಅಧಿಕಾರವಿರಲಿಲ್ಲ. 1849ರ ಏಪ್ರಿಲ್‌ನಲ್ಲಿ ಅದು ಕೊಡಲು ಹೋದ ಕಿರೀಟವನ್ನು ಪ್ರಷ್ಯದ ರಾಜ ಬೇಡವೆಂದ. ಪ್ರಭುತ್ವವಿಲ್ಲದ ರಾಷ್ಟ್ರೀಯತೆಯ ಮಿತಿ ಅಲ್ಲಿ ಕಾಣುತ್ತದೆ.

1862ರಲ್ಲಿ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಬಂತು. ಸೈನ್ಯವನ್ನು ಹಿಗ್ಗಿಸಲು ರಾಜ ಹಣ ಕೇಳಿದ. ಉದಾರವಾದಿಗಳ ಬಹುಮತವಿದ್ದ ಪ್ರಷ್ಯದ ಶಾಸನಸಭೆ ಕೊಡಲೊಲ್ಲೆ ಎಂದಿತು. ಆ ಬಿಕ್ಕಟ್ಟನ್ನು ನಿಭಾಯಿಸಲೆಂದೇ ಬಿಸ್ಮಾರ್ಕ್‌ನನ್ನು ಮಂತ್ರಿಯಾಗಿ ಕರೆತರಲಾಯಿತು. ಕಾಲದ ಮಹಾಪ್ರಶ್ನೆಗಳು ಭಾಷಣ ಮತ್ತು ಬಹುಮತದಿಂದ ಬಗೆಹರಿಯುವುದಿಲ್ಲ, ಕಬ್ಬಿಣ ಮತ್ತು ರಕ್ತದಿಂದ ಬಗೆಹರಿಯುತ್ತವೆ ಎಂಬ ಅವನ ಮಾತನ್ನು ನಾವೆಲ್ಲ ಯುದ್ಧದ ಘೋಷಣೆಯೆಂದು ಪಾಠ ಮಾಡುತ್ತೇವೆ. ಅವನು ಅದನ್ನು ಆಡಿದ್ದು ಸೆಪ್ಟೆಂಬರ್ 30ರಂದು, ಆಯವ್ಯಯ ಸಮಿತಿಯ ಕೋಣೆಯಲ್ಲಿ, ಹಣ ಕೊಡಲೊಲ್ಲದ ಶಾಸಕರ ಎದುರು. ಅನಂತರ ನಾಲ್ಕು ವರ್ಷ ಅವನು ಅಂಗೀಕೃತ ಆಯವ್ಯಯವಿಲ್ಲದೆಯೇ ತೆರಿಗೆ ವಸೂಲಿ ಮಾಡಿ ಸೈನ್ಯ ನಡೆಸಿದ. ಸಂವಿಧಾನದ ಉಲ್ಲಂಘನೆ ಎಂದು ಶಾಸಕರು ಕೂಗಾಡುತ್ತಲೇ ಇದ್ದರು. 1866ರ ಜುಲೈ 3ರಂದು ಕೋನಿಗ್‌ಗ್ರೇಟ್ಸ್‌ನಲ್ಲಿ ಆಸ್ಟ್ರಿಯ ಸೋತಿತು. ಎರಡು ತಿಂಗಳ ನಂತರ, ಸೆಪ್ಟೆಂಬರ್ 3ರಂದು, ಆ ನಾಲ್ಕು ವರ್ಷಗಳ ಅಕ್ರಮ ಖರ್ಚನ್ನೆಲ್ಲ ಸಕ್ರಮಗೊಳಿಸುವ ಮಸೂದೆಯನ್ನು ಅದೇ ಸಭೆ 230 ಮತಗಳಿಂದ ಅಂಗೀಕರಿಸಿತು. ವಿರೋಧಿಸಿದವರು 75 ಜನ.

ನನ್ನ ಮಟ್ಟಿಗೆ ಜರ್ಮನ್ ಏಕೀಕರಣದ ಅತಿ ಮುಖ್ಯ ದಿನ ವರ್ಸೇಲ್ಸಿನ ಜನವರಿ 18 ಅಲ್ಲ, ಈ ಸೆಪ್ಟೆಂಬರ್ 3. ಅಲ್ಲಿಯವರೆಗೆ ಸಂಸತ್ತಿನ ಜೊತೆ ಕೈಹಿಡಿದು ನಡೆಯುತ್ತಿದ್ದ ರಾಷ್ಟ್ರೀಯತೆ ಅಂದು ಸೇನೆಯ ಕೈ ಹಿಡಿಯಿತು. ಹೌದೆಂದ ಉದಾರವಾದಿಗಳು ದುಷ್ಟರೇನಲ್ಲ, ಐವತ್ತು ವರ್ಷ ಕಾದು ದಣಿದವರು. ಹಾಗಿದ್ದೂ ಅವರು ಅಂದು ಬಿಟ್ಟುಕೊಟ್ಟದ್ದನ್ನು ಅವರ ಮಕ್ಕಳಿಗೆ ಮರಳಿ ಪಡೆಯಲಾಗಲಿಲ್ಲ. 1874ರಿಂದ ಸೇನೆಯ ಗಾತ್ರವನ್ನು ಏಳು ವರ್ಷಗಳಿಗೊಮ್ಮೆ ನಿಗದಿ ಮಾಡುವ ಪದ್ಧತಿ ಬಂದು, ಆ ವಿಷಯದಲ್ಲಿ ವರ್ಷ ವರ್ಷವೂ ಪ್ರಶ್ನಿಸುವ ಅಧಿಕಾರ ಸಂಸತ್ತಿಗೆ ಇಲ್ಲದಂತಾಯಿತು.

ಉತ್ತರ 2: ಬರ್ಲಿನ್ನಿನಲ್ಲಿರುವ ಕನ್ನಡಿಗ

ಗುರುಗಳ ಬರಹ ಓದಿ ಈ ಭಾನುವಾರ ಮತ್ತೊಮ್ಮೆ ಇಲ್ಲಿನ ವಿಜಯಸ್ತಂಭಕ್ಕೆ ಹೋಗಿ ಬಂದೆ. ಟಿಯರ್‌ಗಾರ್ಟನ್ ಉದ್ಯಾನದ ನಡುವಿನ ವೃತ್ತದಲ್ಲಿದೆ. ಎತ್ತರ ಸುಮಾರು 67 ಮೀಟರ್, ತುದಿಯಲ್ಲಿ ಚಿನ್ನದ ಬಣ್ಣದ ವಿಜಯದೇವತೆ. ಡೆನ್ಮಾರ್ಕಿನ ಮೇಲಿನ ಗೆಲುವಿನ ನೆನಪಿಗೆಂದು ಯೋಜಿಸಿದ ಈ ಕಂಬವನ್ನು ಉದ್ಘಾಟಿಸುವ ಹೊತ್ತಿಗೆ, ಅಂದರೆ 1873ರ ಸೆಪ್ಟೆಂಬರ್ 2ರ ಹೊತ್ತಿಗೆ, ಇನ್ನೆರಡು ಯುದ್ಧಗಳು ಮುಗಿದಿದ್ದವು. ಕೆಳಗೆ ನಿಂತು ಕತ್ತೆತ್ತಿ ನೋಡಿದರೆ ಕಂಬದ ಸುತ್ತ ಉದ್ದುದ್ದ ಗೀರುಗಳಲ್ಲಿ ಚಿನ್ನದ ಕೊಳವೆಗಳು ನಿಂತಂತೆ ಕಾಣುತ್ತವೆ. ಅವು ಅಲಂಕಾರಕ್ಕೆಂದು ಎರಕ ಹೊಯ್ದವಲ್ಲ. ಡೇನರಿಂದ, ಆಸ್ಟ್ರಿಯನ್ನರಿಂದ, ಫ್ರೆಂಚರಿಂದ ಕಿತ್ತುಕೊಂಡ ನಿಜವಾದ ಫಿರಂಗಿಗಳ ನಳಿಗೆಗಳು, ಚಿನ್ನದ ಲೇಪ ಹಾಕಿಸಿಕೊಂಡು ಸಾಲಾಗಿ ನಿಂತಿವೆ. ಮೇಡಂ ಹಲಗೆಯ ಮೇಲೆ ಬರೆದ ಮೂರು ಇಸವಿಗಳು ಇಲ್ಲಿ ಮೂರು ಸುತ್ತುಗಳಾಗಿವೆ. 1930ರ ದಶಕದ ಕೊನೆಯಲ್ಲಿ ನಾಜಿಗಳು ಕಂಬವನ್ನು ಈಗಿನ ಜಾಗಕ್ಕೆ ತಂದು ನಾಲ್ಕನೆಯ ಸುತ್ತನ್ನು ಸೇರಿಸಿದರು. ಬುಡದಲ್ಲಿರುವ ಕಂಚಿನ ಉಬ್ಬುಚಿತ್ರಗಳ ಮೇಲೆ 1945ರ ಗುಂಡಿನ ಗುರುತುಗಳು ಇನ್ನೂ ಇವೆ. ಒಬ್ಬ ಸೈನಿಕನ ಎದೆಯ ಮೇಲಿನ ತೂತಿನಲ್ಲಿ ಬೆರಳು ಇಟ್ಟು ನೋಡಿದೆ.

ಹೊಡೆದಾಡಿ ಐದು ವರ್ಷಕ್ಕೆ ಹೇಗೆ ಒಂದಾದರು ಎಂಬ ಪ್ರಶ್ನೆಗೆ ನನ್ನ ತಿಳಿವಳಿಕೆ ಇಷ್ಟು. ಅವರು ಮನಸಾರೆ ಒಂದಾಗಲಿಲ್ಲ, ಒಂದಾದ ಮೇಲೆ ನಿಧಾನವಾಗಿ ಮನಸ್ಸು ಕೂಡಿತು. 1868ರಲ್ಲಿ ಜರ್ಮನ್ ರಾಜ್ಯಗಳ ಸುಂಕ ಒಕ್ಕೂಟದ ಸಂಸತ್ತಿಗೆ ಚುನಾವಣೆ ನಡೆದಾಗ ದಕ್ಷಿಣ ಜರ್ಮನಿಯಲ್ಲಿ ಗೆದ್ದವರಲ್ಲಿ ಹೆಚ್ಚಿನವರು ಪ್ರಷ್ಯದ ವಿರೋಧಿಗಳು. ಕ್ಯಾಥೊಲಿಕ್ ಬವೇರಿಯದ ರೈತನಿಗೆ ಪ್ರಾಟೆಸ್ಟೆಂಟ್ ಪ್ರಷ್ಯ ಎಂದರೆ ಹೆಚ್ಚಿನ ತೆರಿಗೆ, ಕಡ್ಡಾಯ ಸೇನಾ ಸೇವೆ. ಎರಡೇ ವರ್ಷದಲ್ಲಿ ಅವನ ಮಗ ಪ್ರಷ್ಯದವರ ಜೊತೆಗೆ ಫ್ರಾನ್ಸಿನ ವಿರುದ್ಧದ ಸೆಡಾನ್ ಕಾಳಗದಲ್ಲಿ ಹೋರಾಡಿದ. ನಡುವೆ ಆದದ್ದು ಇಷ್ಟೇ: 1870ರ ಜುಲೈ 13ರಂದು ಪ್ರಷ್ಯದ ರಾಜ ಮತ್ತು ಫ್ರೆಂಚ್ ರಾಯಭಾರಿಯ ಮಾತುಕತೆಯನ್ನು ತಿಳಿಸಲು ಎಮ್ಸ್ ಪಟ್ಟಣದಿಂದ ಬಂದ ತಂತಿಯನ್ನು ಬಿಸ್ಮಾರ್ಕ್ ಕತ್ತರಿಸಿ ಮೊನಚು ಮಾಡಿ ಪತ್ರಿಕೆಗಳಿಗೆ ಕೊಟ್ಟ, ಫ್ರಾನ್ಸ್ ಕೆರಳಿ ತಾನೇ ಯುದ್ಧ ಸಾರಿತು, ಪ್ರಷ್ಯದೊಂದಿಗೆ ಮೊದಲೇ ಮಾಡಿಕೊಂಡಿದ್ದ ರಕ್ಷಣಾ ಒಪ್ಪಂದಗಳ ಪ್ರಕಾರ ದಕ್ಷಿಣದ ರಾಜ್ಯಗಳು ಬರಲೇಬೇಕಾಯಿತು. ವೈರಿ ಬಂದು ಬಾಗಿಲು ಬಡಿದಾಗ ಅಣ್ಣತಮ್ಮಂದಿರ ಪಾಲಿನ ಜಗಳ ಹಿಂದೆ ಸರಿಯಿತು ಎನ್ನೋಣ. ಬವೇರಿಯದ ರಾಜ ಎರಡನೆಯ ಲುಡ್ವಿಗ್ ಆಗಲೂ ಮನಸ್ಸಿಲ್ಲದ ಮನಸ್ಸಿನಿಂದಲೇ ಚಕ್ರವರ್ತಿ ಪದವಿಯನ್ನು ಪ್ರಷ್ಯದ ರಾಜನಿಗೆ ಕೊಡುವ ಪತ್ರ ಬರೆದ. ಆ ಪತ್ರದ ಕರಡನ್ನು ಬರೆದುಕೊಟ್ಟವನು ಬಿಸ್ಮಾರ್ಕ್. ಅದಕ್ಕೆ ಪ್ರತಿಯಾಗಿ ಲುಡ್ವಿಗ್‌ಗೆ ಗುಟ್ಟಾಗಿ ಹಣ ಸಂದಾಯವಾಯಿತು, ಆ ಹಣ ಬಂದದ್ದು 1866ರಲ್ಲಿ ನುಂಗಿಹಾಕಿದ ಹ್ಯಾನೋವರ್ ರಾಜನಿಂದ ಜಪ್ತಿ ಮಾಡಿಕೊಂಡ ನಿಧಿಯಿಂದ. ಬವೇರಿಯ ತನ್ನ ಅಂಚೆ, ರೈಲ್ವೆ ಮತ್ತು ಶಾಂತಿಕಾಲದ ಸೇನೆಯನ್ನು ತನ್ನಲ್ಲೇ ಉಳಿಸಿಕೊಂಡಿತು.

ಇನ್ನೊಂದು ಮಾತನ್ನು ವಿದ್ಯಾರ್ಥಿಗಳಿಗೆ ದಯವಿಟ್ಟು ಹೇಳಿ. ಭಾಷೆಯೇ ರಾಷ್ಟ್ರವಾಗಿದ್ದರೆ ಈ ಯುದ್ಧದಲ್ಲಿ ಫ್ರಾನ್ಸಿನಿಂದ ಕಿತ್ತುಕೊಂಡ ಆಲ್ಸೇಸ್ ಪ್ರಾಂತ್ಯ ಸಂತೋಷದಿಂದ ಜರ್ಮನಿಯನ್ನು ಸೇರಬೇಕಿತ್ತು. ಅಲ್ಲಿನ ಹೆಚ್ಚಿನ ಜನರ ಮನೆಮಾತು ಜರ್ಮನ್ನಿನ ಒಂದು ರೂಪ. ಆದರೂ 1871ರಲ್ಲಿ ಫ್ರೆಂಚ್ ರಾಷ್ಟ್ರೀಯ ಸಭೆಯಲ್ಲಿ ಆಲ್ಸೇಸ್ ಮತ್ತು ಲೊರೇನಿನ ಪ್ರತಿನಿಧಿಗಳು ತಮ್ಮನ್ನು ಬಿಟ್ಟುಕೊಡಬೇಡಿರೆಂದು ಪ್ರತಿಭಟಿಸಿದರು. ಕ್ರಾಂತಿಯ ಕಾಲದಿಂದ ಅವರ ಅಜ್ಜಂದಿರು ಫ್ರಾನ್ಸಿನ ಸೇನೆಯಲ್ಲಿ ಸತ್ತಿದ್ದರು, ಫ್ರಾನ್ಸಿನ ಕಾನೂನಿನಡಿ ಭೂಮಿಯ ಒಡೆತನ ಪಡೆದಿದ್ದರು. ಪೂರ್ವದಲ್ಲಿ ಪೋಲಿಷರ ಕಥೆ ಇನ್ನೂ ಕಷ್ಟದ್ದು. ಪ್ರಷ್ಯದ ರಾಜನ ಪ್ರಜೆಗಳಾಗಿ ಹೇಗೋ ಬದುಕಿದ್ದವರು ಜರ್ಮನ್ ರಾಷ್ಟ್ರದ ಪ್ರಜೆಗಳಾದ ಮೇಲೆ ಪರಕೀಯರಾದರು. 1901ರಲ್ಲಿ ವ್ರೆಶ್ನಿಯಾ ಎಂಬ ಊರಿನ ಶಾಲೆಯಲ್ಲಿ ಪ್ರಾರ್ಥನೆಯ ಪಾಠವನ್ನು ಜರ್ಮನ್ನಿನಲ್ಲಿ ಹೇಳಲೊಲ್ಲೆವೆಂದ ಪೋಲಿಷ್ ಮಕ್ಕಳು ಏಟು ತಿಂದರು, ಪ್ರತಿಭಟಿಸಿದ ತಂದೆತಾಯಿಯರು ಜೈಲಿಗೆ ಹೋದರು. ಇಲ್ಲಿ ನನ್ನ ಮಗಳಿಗೆ ಪ್ರತಿ ಶನಿವಾರ ಕನ್ನಡ ಅಕ್ಷರ ಕಲಿಸಲು ಕೂರುವ ನನಗೆ ಆ ಮಕ್ಕಳು ಯಾವಾಗಲೂ ನೆನಪಿಗೆ ಬರುತ್ತಾರೆ.

ಉತ್ತರ 3: ಶ್ರೀರಂಗಪಟ್ಟಣದ ಓದುಗ

ಯುದ್ಧ ಪ್ರಭುತ್ವವನ್ನು ಕಟ್ಟುತ್ತದೆ ಎಂಬ ವಾದದಲ್ಲಿ ಒಂದು ದೊಡ್ಡ ಕೊರತೆಯಿದೆ. ನಾವು ಗೆದ್ದವರನ್ನು ಮಾತ್ರ ಲೆಕ್ಕ ಹಾಕುತ್ತಿದ್ದೇವೆ. ಹ್ಯಾನೋವರ್ ಕೂಡ ಯುದ್ಧ ಮಾಡಿತು, ಭೂಪಟದಿಂದ ಅಳಿಸಿಹೋಯಿತು.

ನಮ್ಮ ಊರಿನ ಉದಾಹರಣೆಯನ್ನೇ ನೋಡಿ. 1767ರಿಂದ 1799ರವರೆಗಿನ 32 ವರ್ಷಗಳಲ್ಲಿ ಮೈಸೂರು ಇಂಗ್ಲಿಷರೊಡನೆ ನಾಲ್ಕು ಯುದ್ಧ ಮಾಡಿತು. ಆ ಒತ್ತಡದಲ್ಲಿ ಹೈದರ್ ಮತ್ತು ಟಿಪ್ಪು ಮಾಡಿದ್ದೆಲ್ಲ ಯುರೋಪಿನ ಯಾವುದೇ ಯುದ್ಧಪ್ರಭುತ್ವ ಮಾಡಿದ ಕೆಲಸವೇ: ಪಾಳೆಯಗಾರರನ್ನು ಹತ್ತಿಕ್ಕಿ ಅಮಲ್ದಾರರ ಮೂಲಕ ಕಂದಾಯವನ್ನು ನೇರವಾಗಿ ಎತ್ತುವುದು, ಸಂಬಳದ ಕವಾಯತು ಪಡೆ, ಸ್ವಂತ ಫಿರಂಗಿ ಎರಕ, ಕಬ್ಬಿಣದ ಕೊಳವೆಯ ರಾಕೆಟ್ಟು. ದರಿಯಾ ದೌಲತ್ ಬಾಗಿನ ಗೋಡೆಯ ಮೇಲೆ 1780ರ ಪೊಳ್ಳಿಲೂರು ಕಾಳಗದ ಚಿತ್ರವಿದೆ. ಮದ್ದಿನ ಬಂಡಿ ಸಿಡಿಯುತ್ತಿರುವುದು, ಇಂಗ್ಲಿಷ್ ಸೇನಾಪತಿ ಬೇಲಿ ಪಲ್ಲಕ್ಕಿಯಲ್ಲಿ ಕುಳಿತಿರುವುದು ಇವತ್ತಿಗೂ ಸ್ಪಷ್ಟವಾಗಿ ಕಾಣುತ್ತದೆ. ಅದೂ ಒಂದು ವಿಜಯಸ್ತಂಭವೇ.

1792ರ ಒಪ್ಪಂದದಲ್ಲಿ ಮೈಸೂರು ಅರ್ಧ ರಾಜ್ಯವನ್ನು ಕಳೆದುಕೊಂಡು 3 ಕೋಟಿ 30 ಲಕ್ಷ ರೂಪಾಯಿ ದಂಡಕ್ಕೆ ಒಪ್ಪಿತು, ಟಿಪ್ಪುವಿನ ಇಬ್ಬರು ಮಕ್ಕಳು ಒತ್ತೆಯಾಳುಗಳಾದರು. ಹದಿನೈದು ವರ್ಷಗಳ ನಂತರ, 1807ರ ಟಿಲ್ಸಿಟ್ ಒಪ್ಪಂದದಲ್ಲಿ ಪ್ರಷ್ಯ ಕೂಡ ಹೆಚ್ಚುಕಡಿಮೆ ಅರ್ಧ ರಾಜ್ಯವನ್ನು ಕಳೆದುಕೊಂಡಿತು, ಅದರ ಮೇಲೂ ಭಾರಿ ದಂಡ ಬಿತ್ತು, ಮರುವರ್ಷದ ಒಪ್ಪಂದದಲ್ಲಿ ಸೈನ್ಯಕ್ಕೆ 42 ಸಾವಿರದ ಮಿತಿ ಬಿತ್ತು. ಚೇತರಿಸಿಕೊಳ್ಳಲು ಪ್ರಷ್ಯಕ್ಕೆ ಸಿಕ್ಕಿದ್ದು ಆರು ವರ್ಷ, ಮೈಸೂರಿಗೆ ಏಳು. ವ್ಯತ್ಯಾಸವೆಲ್ಲ ಹೊರಗಿತ್ತು. ಪ್ರಷ್ಯದ ವೈರಿ 1812ರಲ್ಲಿ ರಷ್ಯದ ಹಿಮದಲ್ಲಿ ತನ್ನ ಸೈನ್ಯವನ್ನು ಕಳೆದುಕೊಂಡ, ರಷ್ಯ, ಆಸ್ಟ್ರಿಯ, ಬ್ರಿಟನ್ ಎಲ್ಲವೂ ಪ್ರಷ್ಯದ ಜೊತೆಗೆ ನಿಂತವು. ಮೈಸೂರಿನ ವೈರಿಗೆ ಬಂಗಾಳದ ಕಂದಾಯವಿತ್ತು, ಸಮುದ್ರ ಅದರ ಕೈಯಲ್ಲಿತ್ತು. 1792ರಲ್ಲಿ ಮರಾಠರೂ ನಿಜಾಮನೂ, 1799ರಲ್ಲಿ ನಿಜಾಮನೂ ಅದರ ಜೊತೆಗಿದ್ದರು. ಪ್ರಷ್ಯದಲ್ಲಿ ನಡೆದ ರೈತರ ಬಿಡುಗಡೆಯಂಥದ್ದು ಇಲ್ಲಿ ನಡೆಯಲಿಲ್ಲ ಎನ್ನುವುದನ್ನೂ ಒಪ್ಪುತ್ತೇನೆ. ಮೈಸೂರಿನ ಯುದ್ಧ ಕೊನೆಯವರೆಗೂ ಸುಲ್ತಾನನ ಯುದ್ಧವಾಗಿಯೇ ಉಳಿಯಿತು. ಆದರೆ 1806ರ ಬರ್ಲಿನ್ನಿನ ಪ್ರಕಟಣೆ ಹೇಳಿದ್ದೂ ಅದನ್ನೇ ತಾನೇ? ಟಿಪ್ಪು ಮಡಿದ 1799ರ ಮೇ 4ರ ನಂತರ ನಮಗೆ 1813 ಬರಲೇ ಇಲ್ಲ. ವರ್ಷಕ್ಕೆ ಏಳು ಲಕ್ಷ ಪಗೋಡ (ಆಗಿನ ಚಿನ್ನದ ನಾಣ್ಯ) ಕೊಟ್ಟು ಕಂಪನಿಯ ಪಡೆಯನ್ನು ಸಾಕುವ ಸಂಸ್ಥಾನವಾಗಿ ಮೈಸೂರು ಉಳಿಯಿತು.

ಮತ್ತೆ ಪ್ರಶ್ನೆ: ಇತಿಹಾಸ ಉಪನ್ಯಾಸಕಿ, ಹಾವೇರಿ

ಮೂವರಿಗೂ ಹೃತ್ಪೂರ್ವಕ ಧನ್ಯವಾದ. ಓದುತ್ತ ಹೋದಂತೆ ಇನ್ನೊಂದು ಪ್ರಶ್ನೆ ಹುಟ್ಟಿತು. ಒಂದೇ ಭಾಷೆಯ ಜನ ಹತ್ತಾರು ಆಡಳಿತಗಳಲ್ಲಿ ಹಂಚಿಹೋಗಿರುವುದು ಜರ್ಮನರಿಗೆ ಮಾತ್ರ ಬಂದ ಪರಿಸ್ಥಿತಿಯಲ್ಲ. 1947ರ ಹೊತ್ತಿಗೆ ಕನ್ನಡಿಗರೂ ಹಾಗೆಯೇ ಇದ್ದರು. ನಮ್ಮ ಏಕೀಕರಣ ಯುದ್ಧವಿಲ್ಲದೆ ಆಯಿತಲ್ಲವೇ? ಕರ್ನಾಟಕ ಸ್ವತಂತ್ರ ರಾಷ್ಟ್ರಪ್ರಭುತ್ವವಲ್ಲ, ಒಂದು ಗಣರಾಜ್ಯದ ಭಾಗ ಎನ್ನುವುದು ಗೊತ್ತಿದೆ. ಆದರೂ ಹೋಲಿಸಬಹುದೇ?

ಉತ್ತರ 4: ಕಲಬುರಗಿಯ ಶಿಕ್ಷಕ

ಅಕ್ಕಾವರೇ, ಹೋಲಿಸಬಹುದು, ಆದರೆ "ಯುದ್ಧವಿಲ್ಲದೆ" ಎಂಬ ಮಾತನ್ನು ಹಾವೇರಿಯಲ್ಲಿ ಕುಳಿತು ಬರೆದಷ್ಟು ಸುಲಭವಾಗಿ ಕಲಬುರಗಿಯಲ್ಲಿ ಕುಳಿತು ಬರೆಯಲು ಬರುವುದಿಲ್ಲ.

ನಿಮ್ಮ ಕಡೆಯ ಕಥೆ ನಿಜ. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು, 1924ರಲ್ಲಿ ಬೆಳಗಾವಿಯಲ್ಲಿ ಏಕೀಕರಣ ಪರಿಷತ್ತು ಸೇರಿತು, 1953ರಲ್ಲಿ ಅದರಗುಂಚಿಯ ಶಂಕರಗೌಡ ಪಾಟೀಲರು ಉಪವಾಸ ಕುಳಿತರು, ಅದೇ ವರ್ಷದ ಕೊನೆಗೆ ನೇಮಕವಾದ ರಾಜ್ಯ ಪುನರ್ವಿಂಗಡಣಾ ಆಯೋಗ 1955ರಲ್ಲಿ ವರದಿ ಕೊಟ್ಟಿತು, 1956ರ ನವೆಂಬರ್ 1ರಂದು ಒಂದೇ ರಾಜ್ಯವಾಯಿತು. ಬವೇರಿಯದಂತೆ ಇಲ್ಲಿಯೂ ಹಿಂಜರಿದವರಿದ್ದರು. ಹಳೆಯ ಮೈಸೂರಿನ ಹಲವು ಮುಖಂಡರಿಗೆ ಬಡ ಉತ್ತರವನ್ನು ಹೊತ್ತುಕೊಳ್ಳಲು ಮನಸ್ಸಿರಲಿಲ್ಲ. ಆ ಜಗಳ ಶಾಸನಸಭೆಯಲ್ಲಿ, ಪತ್ರಿಕೆಗಳಲ್ಲಿ ನಡೆಯಿತೇ ಹೊರತು ಕೋನಿಗ್‌ಗ್ರೇಟ್ಸ್‌ನಂಥ ಬಯಲಿನಲ್ಲಿ ನಡೆಯಲಿಲ್ಲ. ಶಿವಮೊಗ್ಗದ ಗುರುಗಳು ಹೇಳಿದ ಲೆಕ್ಕದಲ್ಲಿ, ಇಲ್ಲಿ ಸಂಸತ್ತು ಮತ್ತು ನಾಡಿನ ಅಭಿಮಾನ ಕೈಬಿಡದೆ ಕೊನೆಯವರೆಗೂ ಜೊತೆಯಾಗಿ ನಡೆದವು. ಅದು ಸಾಧ್ಯವಾದದ್ದು ಮೇಲೊಂದು ಗಣರಾಜ್ಯ ಮೊದಲೇ ಇದ್ದುದರಿಂದ; ಸೇನೆಯೂ ಗಡಿಯೂ ಆಗಲೇ ತೀರ್ಮಾನವಾಗಿದ್ದುದರಿಂದ ಭಾಷೆಯ ಪ್ರಶ್ನೆಯನ್ನು ಆಯೋಗಕ್ಕೆ ಒಪ್ಪಿಸಬಹುದಾಗಿತ್ತು.

ಆದರೆ ಬೀದರ್, ಕಲಬುರಗಿ, ರಾಯಚೂರು ಆ ಗಣರಾಜ್ಯದೊಳಗೆ ಬಂದದ್ದು ಹೇಗೆ? ಹೈದರಾಬಾದ್ ಸಂಸ್ಥಾನ 1947ರಲ್ಲಿ ಭಾರತಕ್ಕೆ ಸೇರಲಿಲ್ಲ. ನಿಜಾಮನ ಪರವಾಗಿ ನಿಂತ ರಜಾಕಾರರೆಂಬ ಖಾಸಗಿ ಪಡೆಯ ಹಾವಳಿಗೆ ಹೆದರಿ ಸಾವಿರಾರು ಕುಟುಂಬಗಳು ಗಡಿ ದಾಟಿದವು. ಮುಂಡರಗಿ, ಗಜೇಂದ್ರಗಡಗಳಲ್ಲಿ ಹೋರಾಟಗಾರರ ಶಿಬಿರಗಳಿದ್ದವು. 1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ನಾಲ್ಕೂ ಕಡೆಯಿಂದ ಒಳಗೆ ಬಂತು, 17ರಂದು ನಿಜಾಮ ಶರಣಾದ. ಅದನ್ನು ಪೊಲೀಸ್ ಕಾರ್ಯಾಚರಣೆ ಎಂದು ಕರೆಯಲಾಯಿತು. ಟ್ಯಾಂಕುಗಳೂ ವಿಮಾನಗಳೂ ಬಂದಿದ್ದವು.

ನನ್ನ ಅಜ್ಜ ಆಗ ತುಂಗಭದ್ರೆ ದಾಟಿ ಶಿಬಿರ ಸೇರಿದವರು. ಸೆಪ್ಟೆಂಬರ್ 17 ಬಂದರೆ ಟ್ರಂಕಿನಿಂದ ಖಾದಿ ಟೋಪಿ ತೆಗೆದು, ಇಸ್ತ್ರಿಯಿಲ್ಲದೆ ಅಂಗೈಯಲ್ಲೇ ಉಜ್ಜಿ ನೇರ ಮಾಡಿ, ಧ್ವಜ ಹಾರಿಸಲು ಹೊರಡುತ್ತಿದ್ದರು. ಅವರ ಪಾಲಿಗೆ ಅದು ಬಿಡುಗಡೆಯ ದಿನ, ನನ್ನ ಪಾಲಿಗೂ ಹೌದು. ನಮ್ಮ ಓಣಿಯ ಕೊನೆಯ ಮನೆಯ ಅಜ್ಜಿ ಮಾತ್ರ ಆ ದಿನ ಬಾಗಿಲು ತೆರೆಯುತ್ತಿರಲಿಲ್ಲ. ಸೈನ್ಯ ಬಂದ ಮೇಲಿನ ವಾರಗಳಲ್ಲಿ ಆಕೆಯ ಅಪ್ಪ, ಇಬ್ಬರು ಅಣ್ಣಂದಿರು ಮನೆಗೆ ಮರಳಲಿಲ್ಲ. ಅವರು ರಜಾಕಾರರಾಗಿರಲಿಲ್ಲ, ಬಟ್ಟೆಗೆ ಬಣ್ಣ ಹಾಕುವ ಕಸುಬಿನವರು. ಪಂಡಿತ್ ಸುಂದರಲಾಲ್ ಅವರ ನೇತೃತ್ವದ ತಂಡ ಅದೇ ವರ್ಷ ಸಂಸ್ಥಾನದಲ್ಲಿ ಸುತ್ತಾಡಿ, ಕಾರ್ಯಾಚರಣೆಯ ಸಮಯದಲ್ಲಿ ಮತ್ತು ಅನಂತರ 27 ಸಾವಿರದಿಂದ 40 ಸಾವಿರದವರೆಗೆ ಜನ ಸತ್ತಿರಬಹುದೆಂದು ಅಂದಾಜು ಮಾಡಿತು. ಹೆಚ್ಚಿನವರು ಮುಸ್ಲಿಮರು, ಅತಿ ಹೆಚ್ಚು ನರಳಿದ ನಾಲ್ಕು ಜಿಲ್ಲೆಗಳಲ್ಲಿ ಕಲಬುರಗಿ ಮತ್ತು ಬೀದರ್ ಎರಡೂ ಇದ್ದವು. ಆ ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ.

ರಜಾಕಾರರ ಕೈಯಲ್ಲಿ ಸತ್ತವರ ನೆನಪನ್ನೂ ಈ ನೆನಪನ್ನೂ ತಕ್ಕಡಿಯಲ್ಲಿಟ್ಟು ತೂಗುವ ಕೆಲಸ ನನ್ನದಲ್ಲ. ನಿಮ್ಮ ಮೂಲ ಪ್ರಶ್ನೆಗೆ ಇದು ಸಂಬಂಧಿಸಿದೆ ಎಂದಷ್ಟೇ ಬರೆಯುತ್ತಿದ್ದೇನೆ. ಯುದ್ಧ ಗಡಿ ಎಳೆಯುತ್ತದೆ, ಒಂದು ಬಾವುಟದ ಕೆಳಗೆ ತರುತ್ತದೆ. ಆ ಬಾವುಟವನ್ನು ಓಣಿಯ ಕೊನೆಯ ಮನೆಯೂ ತನ್ನದೆನ್ನಲು ಬೇಕಾದದ್ದನ್ನು ಶಾಲೆ, ನ್ಯಾಯಾಲಯ, ರಸ್ತೆ, ನೀರು, ಮತದಾನ ಕೊಡಬೇಕು, ಅದಕ್ಕೆ ದಶಕಗಳು ಹಿಡಿಯುತ್ತವೆ. ನಮ್ಮ ಭಾಗಕ್ಕೆ ಸಂವಿಧಾನದ 371(ಜೆ) ವಿಧಿಯಡಿ ವಿಶೇಷ ಸ್ಥಾನ ಸಿಗುವ ಹೊತ್ತಿಗೆ ವಿಮೋಚನೆಯಾಗಿ 60 ವರ್ಷ ದಾಟಿತ್ತು.

ಆ ಅಜ್ಜಿಯ ಮೊಮ್ಮಗಳು ಈಗ ನಮ್ಮ ಶಾಲೆಯಲ್ಲಿ ಕನ್ನಡ ಶಿಕ್ಷಕಿ. ಹೋದ ವರ್ಷ ಸೆಪ್ಟೆಂಬರ್ 17ರ ಕಾರ್ಯಕ್ರಮಕ್ಕೆ ಮಕ್ಕಳಿಗೆ ನಾಡಗೀತೆ ಕಲಿಸಿದವರು ಅವರೇ. ಅಜ್ಜಿಯ ಮನೆಯವರ ಬಗ್ಗೆ ಇಲ್ಲಿ ಬರೆಯಬಹುದೇ ಎಂದು ಕೇಳಿದಾಗ, "ಬರೀರಿ ಸರ್, ಹೆಸರು ಮಾತ್ರ ಬ್ಯಾಡ" ಎಂದರು.